ಕೋಳಿ ಸಾರಿಗೆ ಒಗ್ಗದ ಕೆಂಪು ವೈನು

ನಮ್ಮೂರಿನಲ್ಲಿ ‘ವೈನ್ಸ್’ ಎಂದು ದೊಡ್ಡದಾಗಿ ಬೋರ್ಡ್ ಹಾಕಿದ ಅಂಗಡಿಗಳಲ್ಲಿ ಯಾರೂ ಕೇಳದ ಪದಾರ್ಥವೆಂದರೆ ವೈನು. ಇದು ನನಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಗಾಂಧಿ ಬಜಾರಿನ ಆಚೆ ಅಂಥದೊಂದು ಅಂಗಡಿಯ ಮುಂದೆ ಹೆಲ್ಮೆಟ್ ತೆಗೆಯದೆ ನಿಂತು, “ರೆಡ್ ವೈನ್ ಇದೆಯಾ?” ಎಂದಾಗ. ಅಂಗಡಿಯವನು ಅನುಕಂಪದಿಂದ ನೋಡಿ, “ಮನೇಲಿ ಬಾಣಂತಿ ಇದಾರಾ ಸಾರ್, ಔಷಧಿಗಾ?” ಎಂದ. ಇದ್ದಾರೆ ಎಂದೆ. ಸುಳ್ಳಿಗೆ ತಕ್ಷಣ ಫಲ ಸಿಕ್ಕಿತು. ಒಳಗಿನಿಂದ ಧೂಳು ಒರೆಸಿದ ಬಾಟಲಿಯೊಂದು ಬಂತು.

ಈ ಸಾಹಸಕ್ಕೆಲ್ಲ ಕಾರಣ ನನ್ನ ಬಾಯಿ. ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ಅಕ್ಕನ ಗಂಡ ಶಿವಣ್ಣ ಭಾವ, ಕಬ್ಬಿಣದ ಕಾರ್ಖಾನೆಯ ಕುಲುಮೆಯೆದುರು ದುಡಿದು ನಿವೃತ್ತರಾದವರು. ನಾನು ಫೋನಿನಲ್ಲಿ ನೋಡಿದ ನಾಲ್ಕು ವಿಡಿಯೊಗಳ ಬಲದಿಂದ ಅವರಿಗೆ ವೈನು ಸವಿಯುವ ವಿದ್ಯೆಯನ್ನೂ ಯಾವ ವೈನಿಗೆ ಯಾವ ಊಟ ಎಂಬುದನ್ನೂ ಒಂದು ಗಂಟೆ ಕೊರೆದಿದ್ದೆ. “ಬರೀ ಬಾಯಲ್ಲಿ ಹೇಳ್ಬೇಡ ಮಾರಾಯ, ತಂದು ತೋರ್ಸು” ಎಂದುಬಿಟ್ಟರು.

ತೊಡಕು ಒಂದೇ, ಸಾವಿತ್ರಕ್ಕ. ಭಾವ ಒಮ್ಮೆ ಯಾರದೋ ಮದುವೆಯಲ್ಲಿ ಬಿಯರ್ ಕುಡಿದು ಬಂದಾಗ ಹದಿನೈದು ದಿನ ಅವರೊಂದಿಗೆ ಮಾತು ಬಿಟ್ಟಿದ್ದವಳು. ಹಾಗಾಗಿ ಆ ಭಾನುವಾರ ಬೆಳಿಗ್ಗೆ ನಾನು ಗೋಪಾಳದ ನನ್ನ ಮನೆಯಿಂದ ಬಾಟಲಿ ಒಯ್ದ ಕೂಡಲೇ ಭಾವ ಅದನ್ನು ಫ್ರಿಜ್ಜಿನೊಳಗೆ ದಂಟಿನ ಸೊಪ್ಪಿನ ಅಡಿ ಮಲಗಿಸಿದರು.

“ಕೆಂಪು ವೈನ್ ಇಷ್ಟು ತಣ್ಣಗೆ ಮಾಡ್ಬಾರ್ದು ಭಾವ.”

“ತಣ್ಣಗಿರ್ಬೇಕಾಗಿರೋದು ವೈನಲ್ಲ, ನಿಮ್ಮಕ್ಕನ ತಲೆ. ಸುಮ್ನಿರು.”

ಮಧ್ಯಾಹ್ನ ಅಕ್ಕ ಒಳಗೆ ಕಡುಬು ಬೇಯಿಸುತ್ತಿದ್ದಾಗ ನಾವು ಅವಳ ಕಣ್ಣು ತಪ್ಪಿಸಿ ಬಾಟಲಿ ಹೊರತೆಗೆದು ಊಟದ ಮೇಜಿನಲ್ಲಿ ಪಾಠ ಶುರು ಮಾಡಿದೆವು. ಮೊದಲು ಬಣ್ಣ ನೋಡಬೇಕು ಎಂದೆ. ಕಾದ ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದ ಮನುಷ್ಯ, ಲೋಟವನ್ನು ಕಿಟಕಿಗೆ ಹಿಡಿದು, “ಇದು ಇನ್ನೂ ಕಾಯ್ಬೇಕು” ಎಂದು ತೀರ್ಪು ಕೊಟ್ಟರು. ಲೋಟ ಹೇಗೆ ಆಡಿಸಬೇಕೆಂದು ತೋರಿಸಲು ಹೋಗಿ ನನ್ನ ಬಿಳಿ ಅಂಗಿಗೆ ಚೆಲ್ಲಿಕೊಂಡೆ. ಮೂಗಿಟ್ಟು, ಹಣ್ಣಿನ ಪರಿಮಳವಿದೆ, ಹಳೇ ಮರದ ಪರಿಮಳವಿದೆ ಎಂದೆ. ಭಾವ ಮೂಸಿ, “ಸೊಪ್ಪಿನ ವಾಸ್ನೆ” ಎಂದರು.

ಅಷ್ಟರಲ್ಲಿ ಅಕ್ಕ ಕಡುಬು, ಕೋಳಿ ಸಾರು ಹಿಡಿದು ಬಂದಳು. “ಏನೋ ಅದು?”

“ದ್ರಾಕ್ಷಿ ಜ್ಯೂಸ್ ಅಕ್ಕ.”

“ಹಂಗಾದ್ರೆ ನಂಗೂ ಹಾಕು.”

ಕೊಡದಿದ್ದರೆ ಸಿಕ್ಕಿಬೀಳುತ್ತೇವೆ, ಕೊಟ್ಟರೆ ಮುಳುಗುತ್ತೇವೆ. ಭಾವ ನನ್ನನ್ನು ನೋಡಲೇ ಇಲ್ಲ, ಕಡುಬನ್ನು ಗಾಢವಾಗಿ ಪರಿಶೀಲಿಸುತ್ತಿದ್ದರು. ಎರಡು ಗುಟುಕು ಬಗ್ಗಿಸಿದೆ. ಅಕ್ಕ ಕುಡಿದಳು. ನಿಂತಲ್ಲೇ ಕಡುಬು ಮುರಿದು ಸಾರಿಗೆ ಅದ್ದಿ ತಿಂದಳು. ಮತ್ತೊಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

“ಕೋಳಿ ಸಾರಿಗೆ ಒಗ್ಗಲ್ಲ ಇದು. ಖಾರ ಎತ್ತಿ ಹೊಡೆಯುತ್ತೆ, ನಾಲಿಗೆ ಒಗರಾಗುತ್ತೆ. ತಡೀರಿ.”

ಒಳಗೆ ಹೋಗಿ, ಹಿಂದಿನ ದಿನ ಮೆಣಸು ಹಾಕಿ ಹುರಿದಿದ್ದ, ಕೊಬ್ಬಿನಂಚಿನ ಮಟನ್ ಬಿಸಿ ಮಾಡಿ ತಂದಳು. ಒಂದು ತುಂಡು, ಒಂದು ಗುಟುಕು. ನನ್ನ ನಾಲ್ಕು ವಿಡಿಯೊಗಳೂ ಹೇಳಲು ಹೆಣಗಿದ್ದೇನೆಂದು ಆಗ ನನ್ನ ನಾಲಿಗೆಗೆ ಅರ್ಥವಾಯಿತು.

“ಅಕ್ಕ, ಇದು ಜ್ಯೂಸಲ್ಲ...” ಎಂದು ತಪ್ಪೊಪ್ಪಿಗೆಗೆ ಬಾಯಿ ತೆರೆದೆ.

“ಫ್ರಿಜ್ಜು ನಂದು ಕಣೋ. ಬಾಟ್ಲಿ ಮೇಲಿರೋದು ಓದಕ್ಕೂ ಬರುತ್ತೆ ನಂಗೆ. ಅವತ್ತು ನಿಮ್ಭಾವನ ಜತೆ ಮಾತು ಬಿಟ್ಟಿದ್ದು ಬಿಯರಿಗಲ್ಲ, ಮುಚ್ಚಿಟ್ಟಿದ್ದಕ್ಕೆ. ಯಾವುದಕ್ಕೆ ಏನು ಒಗ್ಗುತ್ತೆ ಅಂತ ಊರೆಲ್ಲ ಕೇಳ್ಕೊಂಡು ಬಂದಿದೀಯಲ್ಲ, ದಿನಾ ಅಡುಗೆ ಮಾಡೋಳ್ನ ಕೇಳ್ಬೇಕು ಅನ್ನಿಸ್ಲಿಲ್ವಾ?”

ಜಗಳವಾಡಿದ್ದರೆ ಸಹಿಸಬಹುದಿತ್ತು. ಅವಳ ದನಿಯಲ್ಲಿ ಬೇಸರವಿತ್ತು. ನಮ್ಮ ಗುಟ್ಟುಗಳಿಗೆಲ್ಲ ಅಕ್ಕ ಅಡ್ಡಿ ಎಂದುಕೊಂಡಿದ್ದೆವೇ ಹೊರತು, ಅವಳನ್ನೂ ಜತೆಗೆ ಕೂರಿಸಿಕೊಳ್ಳಬಹುದು ಎಂಬುದು ನಮಗೆ ಹೊಳೆದಿರಲಿಲ್ಲ. ಅವಳು ಯಾವಾಗಲೂ ನಮಗೆ ಬಡಿಸಿ ಆಮೇಲೆ ಉಣ್ಣುವವಳು.

ನಾನು ಎದ್ದು ಕುರ್ಚಿ ಎಳೆದು ಕೊಟ್ಟೆ. ಅಕ್ಕ ಕೂತಳು. ಭಾವ ಗಂಟಲು ಸರಿಮಾಡಿಕೊಂಡು, “ಇವತ್ತು ನಾನು ಬಡಿಸ್ತೀನಿ” ಎಂದು ಗಂಭೀರವಾಗಿ ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತು ಡಬ್ಬಿಗಳ ಸದ್ದಷ್ಟೇ ಕೇಳಿಸಿತು. ಆಮೇಲೆ ಒಳಗಿನಿಂದ ಅವರ ದನಿ ಬಂತು: “ಸಾವಿತ್ರೀ, ನಮ್ಮನೇಲಿ ಸೌಟು ಎಲ್ಲಿರುತ್ತೆ?”