ಬಿಳಿ ಕಣಗಳ ಗಣಕೂಟ

ಅರವತ್ತರ ದಶಕದ ಮಾತು. ಅಗ್ರಹಾರದ ನಮ್ಮ ಬೀದಿಯಲ್ಲಿ ನನಗಿಂತ ನನ್ನ ಕೆಮ್ಮಿಗೇ ಹೆಚ್ಚು ಹೆಸರಿತ್ತು. ಕ್ಷಯವೇ ಇರಬೇಕೆಂದು ಎದುರುಮನೆಯವರು ತೀರ್ಮಾನಿಸಿದ್ದರು. ಬಂದ ಎರಡು ಸಂಬಂಧಗಳೂ ಕೆಮ್ಮು ಕೇಳಿಯೇ ತಿರುಗಿಹೋಗಿದ್ದವು. ಇನ್ನು ನನಗೆ ಮದುವೆಯೇ ಇಲ್ಲವೆಂದು ನಿಜವಾಗಿಯೂ ಹೆದರಿದ್ದೆ.

ಎಕ್ಸ್‌ರೇ, ರಕ್ತ ಎರಡನ್ನೂ ನೋಡಿದ ಡಾಕ್ಟರು ಕ್ಷಯವಲ್ಲ, ಇಯೋಸಿನೊಫಿಲಿಯಾ ಎಂದರು. ಅಜ್ಜಿ ಬಿಡಿಸಿ ಹೇಳಿ ಎಂದು ಪಟ್ಟುಹಿಡಿದಳು. ಪಾಪ, ಅವರು ಹೇಳಿದರು: ರಕ್ತದ ಬಿಳಿ ಕಣಗಳು ಮೈಗೆ ಕಾವಲು. ನ್ಯೂಟ್ರೊಫಿಲ್‌ಗಳು ಗಾಯಕ್ಕೆ ಮೊದಲು ಓಡಿಬಂದು, ಕ್ರಿಮಿ ನುಂಗಿ, ಸತ್ತು ಕೀವಾಗುತ್ತವೆ. ಹಿಂದೆ ಬರುವ ಮಾನೊಸೈಟ್‌ಗಳು ಸತ್ತದ್ದನ್ನೆಲ್ಲ ತಿಂದು ಗುಡಿಸುತ್ತವೆ. ಲಿಂಫೊಸೈಟ್‌ಗಳು ಒಮ್ಮೆ ಬಂದ ರೋಗದ ಗುರುತಿಟ್ಟುಕೊಳ್ಳುತ್ತವೆ. ಇಯೋಸಿನೊಫಿಲ್‌ಗಳು ಹುಳುಗಳ ಮೇಲೆ ಬೀಳುವಂಥವು. ನನ್ನಲ್ಲಿ ಅವೇ ವಿಪರೀತವಾಗಿ ಶ್ವಾಸಕೋಶವನ್ನೇ ಕಾಡುತ್ತಿದ್ದವು.

"ಹಾಗಾದ್ರೆ ಅವು ರಾಕ್ಷಸಗಣ" ಎಂದಳು ಅಜ್ಜಿ. ಜಾತಕದಲ್ಲಿ ದೇವ, ಮನುಷ್ಯ, ರಾಕ್ಷಸ ಎಂದು ಗಣ ನೋಡುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಗಂಡುಹೆಣ್ಣಿಗೆ ಒಂದೇ ಗಣವಾದರೆ ಮದುವೆಗೆ ಬಹಳ ಒಳ್ಳೆಯದಂತೆ.

ಡಾಕ್ಟರು ಕೊಟ್ಟ ಮಾತ್ರೆ ಶುರುವಾಗುವ ಮೊದಲೇ ಮೂರನೆಯ ವರ ನೋಡಲು ಬಂದ. ಕೆಮ್ಮು ತಡೆಯಲೆಂದು ಅಜ್ಜಿ ನನ್ನ ದವಡೆಗೆ ಕಲ್ಲುಸಕ್ಕರೆ, ಲವಂಗ ತುರುಕಿದ್ದಳು. ಗಂಡಿನ ಕಡೆಯವರು ಹಾಡು ಹೇಳಮ್ಮ ಎಂದರು. ನಾನು ದಿಕ್ಕುತೋಚದೆ ತಲೆಯೆತ್ತಿದರೆ ವರನ ಕೆನ್ನೆಯೂ ಉಬ್ಬಿತ್ತು. ಮೊದಲು ಕೆಮ್ಮಿದವನು ಅವನೇ. ಹಿಂದೆಯೇ ನಾನು.

ಅವನ ತಾಯಿ ಬೆವರಿದರು. "ಕ್ಷಯ ಅಲ್ಲ ಕಣ್ರೀ, ಇಯೋಸಿನೊಫಿಲಿಯಾ."

"ನಮ್ಮ ಹುಡುಗೀಗೂ ಅದೇ ಕಣಮ್ಮ!" ಅಜ್ಜಿ ಎದ್ದೇ ನಿಂತಳು. "ಇಬ್ಬರದೂ ರಾಕ್ಷಸಗಣ. ಇದಕ್ಕಿಂತ ಒಳ್ಳೆ ಕೂಟ ಬೇಕೇ?"

ಅವರ ಜೊತೆ ಬಂದಿದ್ದ ಜೋಯಿಸರು ಕೊಂಚ ಯೋಚಿಸಿ, ಶಾಸ್ತ್ರಕ್ಕೆ ವಿರೋಧವಿಲ್ಲ ಎಂದುಬಿಟ್ಟರು. ಮದುವೆ ನಿಶ್ಚಯವಾಯಿತು.

ಆಮೇಲೆ ಮಾತ್ರೆ ಕೇಳಿದರೆ ಅಜ್ಜಿ ಕೊಡಲೊಲ್ಲಳು. "ಈಗ ಅವು ಇಳಿದ್ಬುಟ್ರೆ ಗಣ ತಪ್ಪಲ್ವೇನೇ? ಮೂರು ಗಂಟು ಬೀಳೋವರೆಗೂ ಕೆಮ್ಕೊಂಡಿರು" ಎಂದು ಶೀಸೆಯನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನನಗೆ ಮೈಯೆಲ್ಲ ಉರಿಯಿತು.

ಮುಹೂರ್ತದಲ್ಲಿ ನಮ್ಮಿಬ್ಬರ ನಡುವೆ ಅಂತರಪಟ ಹಿಡಿದರು. ಛತ್ರದ ತುಂಬ ಜನ, ಎದುರುಮನೆಯವರು ಮುಂದಿನ ಸಾಲಿನಲ್ಲೇ. ಕೆಮ್ಮು ಗಂಟಲಿಗೆ ಬಂತು. ಈಗ ಕೆಮ್ಮಿದರೆ ಮಾನ ಹೋಯಿತೆಂದು ಉಸಿರು ಬಿಗಿಹಿಡಿದೆ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಟದ ಆಚೆಯಿಂದ, ಮಂತ್ರ ನಿಲ್ಲುವಷ್ಟು ಜೋರಾಗಿ ಕೆಮ್ಮು ಕೇಳಿಸಿತು.

ನಾನೂ ಮನಸಾರೆ ಕೆಮ್ಮಿದೆ.