ಇಬ್ಬರ ಒಡೆತನದ ಸೈರನ್

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಕಡೆ ಕಾಲುವೆ ಒಮ್ಮೆಲೇ ಕೆಳಗೆ ಇಳಿಯುವ ಒಂದು ಜಾಗವಿದೆ. ಅಲ್ಲಿ ಬೀಳುವ ನೀರಿಗೆ ಯಂತ್ರ ಕೂರಿಸಿ ಕರೆಂಟು ತೆಗೆಯುತ್ತಾರೆ. ವಿದ್ಯುತ್ ಮನೆ ಚಿಕ್ಕದು, ಮಾಲೀಕರು ಮಾತ್ರ ಇಬ್ಬರು. ಕಾಲುವೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗೆ ಅರ್ಧ ಪಾಲು, ಕರೆಂಟು ಹಂಚುವ ಸರ್ಕಾರಿ ಸಂಸ್ಥೆಗೆ ಇನ್ನರ್ಧ. ಅವರ ಉದ್ದುದ್ದ ಹೆಸರುಗಳನ್ನು ಸುತ್ತಲಿನ ಜನ ಹೇಳುವುದಿಲ್ಲ. ನೀರಿನವರು, ಕರೆಂಟಿನವರು, ಅಷ್ಟೇ. ನಾನೂ ಹಾಗೇ ಕರೆಯುತ್ತೇನೆ.

ನಾನು ಹೊಸಪೇಟೆ ಕೋರ್ಟಿನಲ್ಲಿ ವಕೀಲೆ. ಅಣ್ಣತಮ್ಮಂದಿರ ಪಾಲು, ಹೊಲದ ಬದು, ಅಂಗಡಿ ಬಾಡಿಗೆ, ಇಂಥ ದಾವೆಗಳನ್ನೇ ನಡೆಸಿಕೊಂಡು ಬಂದವಳು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೆಂಗಸೊಬ್ಬಳು ನನ್ನ ಆಫೀಸಿಗೆ ಬಂದಳು. ಐವತ್ತರ ಆಚೀಚೆ ವಯಸ್ಸು, ದೊಡ್ಡ ಗಂಟಲು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೀರಿನವ್ರು ಕರೆಂಟಿನವ್ರ ಕಡೆ ಕಳಸ್ತಾರ, ಅವ್ರು ತಿರುಗಿ ಇವ್ರ ಕಡೆ ಕಳಸ್ತಾರ. ನನ್ನ ಕೈ ಮುರದವ್ರು ಯಾರಂತ ನೀವರ ಹೇಳ್ರಿ, ವಕೀಲಮ್ಮ."

ಹಂಪಿಯ ಹೋಂಸ್ಟೇಗಳ ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ಆಟೋದಲ್ಲಿ ಗಂಟುಗಳು ಬರುತ್ತಿದ್ದವು. ಅವಳೂ ಅವಳ ನೆಗೆಣ್ಣಿಯೂ ವಿದ್ಯುತ್ ಮನೆಯ ಕೆಳಗಿನ ಕಾಲುವೆಯಲ್ಲಿ ಒಗೆದು, ದಂಡೆಯ ಮುಳ್ಳುಬೇಲಿಯ ಮೇಲೆ ಒಣಗಿಸಿ, ಮಡಿಚಿ ಕಳಿಸುತ್ತಿದ್ದರು. ಯಂತ್ರ ನಿಂತಿದ್ದರೆ ಅಲ್ಲಿ ಮೊಣಕಾಲುದ್ದ ನೀರು. ಶುರುವಾದರೆ ನೋಡುನೋಡುತ್ತಲೇ ಎದೆಮಟ್ಟಕ್ಕೆ ಏರುತ್ತದೆ. ಅದಕ್ಕೇ ಯಂತ್ರ ಶುರು ಮಾಡುವ ಮೊದಲು ಸೈರನ್ ಕೂಗಿಸುವುದು ಪದ್ಧತಿ. ಆ ಸೈರನ್ ದೀಪಾವಳಿಯ ನಂತರ ಕೂಗಿಯೇ ಇರಲಿಲ್ಲ. ಅಷ್ಟು ದಿನ ಈ ಹೆಂಗಸರು ನೀರಿನ ಬಣ್ಣ ನೋಡಿ, ಸದ್ದು ಕೇಳಿ ಮೇಲೆ ಹತ್ತುತ್ತಿದ್ದರು. ಅವತ್ತು ಮಧ್ಯಾಹ್ನ ಆಟೋದವನು ದಂಡೆಯ ಮೇಲೆ ಗಾಡಿ ಚಾಲೂ ಇಟ್ಟುಕೊಂಡೇ ನಿಂತಿದ್ದ. ಆ ಗದ್ದಲದಲ್ಲಿ ನೀರು ಬಂದದ್ದು ಕೇಳಲಿಲ್ಲ. ಇವಳು ಕೊಚ್ಚಿ ಹೋಗಿ ಕಾಲುಸಂಕದ ಕಂಬಕ್ಕೆ ಬಡಿದಳು. ಕೈ ಮುರಿಯಿತು. ನೆಗೆಣ್ಣಿ ಹಿಂಡಿ ಇಟ್ಟಿದ್ದ ಚಾದರ ಎಸೆದಳು. ಇವಳು ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ದಡ ಸೇರಿದಳು. ಉಳಿದ ಬಟ್ಟೆಯೆಲ್ಲ ನೀರುಪಾಲಾಯಿತು.

"ಸೈರನ್ ಕೂಗಲ್ಲ ಅಂತ ಗೊತ್ತಿದ್ದೂ ಇಳದ್ರಲ್ಲ ಅಕ್ಕ" ಅಂದೆ, ಎದುರಿನವರು ಕೇಳುವ ಮೊದಲ ಪ್ರಶ್ನೆ ಇದೇ ಎಂದು ನನಗೆ ಗೊತ್ತಿತ್ತು.

"ಮತ್ತ ಎಲ್ಲಿ ಒಗೀಲಿ, ನಿಮ್ಮ ಮನಿ ಬಚ್ಚಲದಾಗ ಒಗೀಲೇನು?" ಅಂದಳು.

ಮೊದಲು ನೀರಿನವರ ಕಚೇರಿಗೆ ಹೋದೆ. ಅಲ್ಲಿನ ಇಂಜಿನಿಯರು ಚಹಾ ತರಿಸಿದರು. "ಬರ್ರಿ ಮೇಡಂ, ಕುಂದ್ರಿ. ಯಂತ್ರ ನಡಸೋದು, ಸೈರನ್ ಕೂಗ್ಸೋದು ಕರೆಂಟಿನವ್ರ ಕೆಲಸರಿ. ನಮ್ದು ಬರೀ ಕಂಬ ಐತಿ ಅಲ್ಲಿ" ಅಂದರು. ಅಲ್ಲಿಂದ ಕರೆಂಟಿನವರ ಕಚೇರಿಗೆ ಹೋದೆ. ಅಲ್ಲೂ ಚಹಾ ಬಂತು. "ಕೆಟ್ಟಿರೋದು ಕಂಬದ ಮ್ಯಾಲಿಂದು. ಕಂಬ ಅವ್ರ ದಂಡಿ ಮ್ಯಾಲ ಐತಿ. ಅವ್ರು ಒಪ್ಪಿಗಿ ಕೊಡ್ಲಿಲ್ಲ ಅಂದ್ರ ನಮ್ಮ ಮನಿಷಾ ಹ್ಯಾಂಗ್ ಹತ್ತತಾನ್ರಿ?" ಅಂದರು ಅಲ್ಲಿನ ಇಂಜಿನಿಯರು. ಆಮೇಲೆ ಕಪಾಟಿನಿಂದ ರಾಜ್ಯ ಸರ್ಕಾರದ ನಿಯಮಗಳ ಒಂದು ಪ್ರತಿಯನ್ನು ತೆಗೆದು ನನ್ನ ಮುಂದೆ ಇಟ್ಟರು. ಮಗನ ಮಾರ್ಕ್ಸ್ ಕಾರ್ಡು ತೋರಿಸುವವರ ಹಿಗ್ಗು ಅವರ ಮುಖದಲ್ಲಿತ್ತು.

ಇಬ್ಬರು ಸೇರಿ ವಿದ್ಯುತ್ ಸ್ಥಾವರ ಹೊಂದುವುದು ಹೇಗೆ ಎನ್ನುವ ನಿಯಮಗಳು ಅವು. ಮನೆಗೆ ತಂದು ಓದಿದೆ. ಆಸ್ತಿ ಅವಿಭಕ್ತ, ಯಾರೂ ವಿಭಾಗ ಕೇಳುವ ಹಾಗಿಲ್ಲ. ಹುಟ್ಟಿದ ಕರೆಂಟು ಪಾಲಿನ ಪ್ರಕಾರ ಹಂಚಿಕೆ. ಜಂಟಿ ಸಾಮಾನಿನ ದುರಸ್ತಿಗೆ ಇಬ್ಬರ ಒಪ್ಪಿಗೆಯೂ ಬೇಕು. ಮತ್ತು ಒಬ್ಬರು ಮಾಡಿದ ತಪ್ಪಿಗೆ ಇನ್ನೊಬ್ಬರು ಹೊಣೆಯಲ್ಲ. ಕೊನೆಯ ಈ ಕಲಮಿನ ಉದ್ದೇಶ ಕೆಟ್ಟದ್ದೇನಲ್ಲ. ಒಬ್ಬರ ಸಾಲಕ್ಕೆ ಇನ್ನೊಬ್ಬರ ಖಜಾನೆ ಜಪ್ತಿಯಾಗದಿರಲಿ ಎಂದು ಯಾರೋ ಬುದ್ಧಿವಂತರು ಬರೆದದ್ದು. ಆದರೆ ಒಪ್ಪಿಗೆಯ ಕಲಮನ್ನೂ ಹೊಣೆಯ ಕಲಮನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಕೈ ಹಾಕಿದವರ ಮೇಲೇ ತಪ್ಪು ಬರುವುದರಿಂದ ಇಬ್ಬರೂ ಏನೂ ಮಾಡದೆ ಕೂರುವುದೇ ಎಲ್ಲಕ್ಕಿಂತ ಸುರಕ್ಷಿತ ದಾರಿ. ಕರೆಂಟು ಹಂಚಿಕೊಳ್ಳುವಾಗ ಅವರಲ್ಲಿ ಒಂದು ದಿನವೂ ತಕರಾರು ಬಂದದ್ದಿಲ್ಲ.

ನಾನು ನೋಟೀಸು ಕಳಿಸಿದ ಮೇಲೆ ಜಂಟಿ ಪರಿಶೀಲನೆ ಎಂದು ದಿನ ಗೊತ್ತುಮಾಡಿದರು. ಗಾಯಾಳುವನ್ನೂ ಕರೆತರಲು ಹೇಳಿದರು. ನಾವು ಹೋದಾಗ ವಿದ್ಯುತ್ ಮನೆಯ ಪಕ್ಕದ ವಿಶ್ರಾಂತಿ ಕೋಣೆಯಲ್ಲಿ ಊಟ ನಡೆದಿತ್ತು. ಕಂಪ್ಲಿಯಿಂದ ಮಟನ್ ತರಿಸಿದ್ದರು. ಇಬ್ಬರು ಇಂಜಿನಿಯರುಗಳೂ ಒಂದೇ ಮೇಜಿಗೆ ಕೂತು ನಗುನಗುತ್ತಾ ಒಬ್ಬರಿಗೊಬ್ಬರು ಬಡಿಸಿಕೊಂಡು ತಿನ್ನುತ್ತಿದ್ದರು. ದಾಯಾದಿಗಳ ಜಗಳ ನಾನು ಬೇಕಾದಷ್ಟು ಕಂಡವಳು. ಬಾವಿ ಹೂಳು ತೆಗೆಸದೆ ಒಣಗಿಸಿಕೊಂಡ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಅವರಾದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಅದರಲ್ಲಿ ಒಂದು ನಿಜವಿರುತ್ತದೆ. ಇವರ ಮಧ್ಯೆ ಜಗಳವೇ ಇರಲಿಲ್ಲ. ಜಗಳ ಕಾಗದದ ಮೇಲಿತ್ತು, ಅದೂ ಇಬ್ಬರಿಗೂ ಅನುಕೂಲವಾಗುವಂತೆ.

ಬೇವಿನ ಮರದ ಕೆಳಗೆ ನಾವಿಬ್ಬರೂ ಕಾದೆವು. ಊಟ ಮುಗಿಸಿ ಬಂದವರು ಕಾಲುವೆಯ ಮೆಟ್ಟಿಲಿಳಿದು ಕೈ ತೊಳೆದರು. ಒಬ್ಬರು ಬಾಯಿ ಮುಕ್ಕಳಿಸಿ ನೀರಿಗೇ ಉಗಿದರು. ಅವರ ಸಿಬ್ಬಂದಿಯೊಬ್ಬ ಎಂಜಲು ಎಲೆಗಳನ್ನು ತಂದು ಅಲ್ಲೇ ಸುರಿದ. ಮೂಳೆಗಳು ಮುಳುಗಿದವು, ಎಣ್ಣೆ ಕಣ್ಣುಕಣ್ಣಾಗಿ ತೇಲುತ್ತಾ ಹೆಂಗಸರು ಒಗೆಯುವ ಕಲ್ಲಿನ ಕಡೆ ಹೋಯಿತು. ಆ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಅಂದಿನಿಂದ ನಾನು ಮಟನ್ ತಿಂದಿಲ್ಲ.

ನೀರಿನವರ ಇಂಜಿನಿಯರು ಹಲ್ಲುಕಡ್ಡಿಯಿಂದಲೇ ಕಂಬ ತೋರಿಸಿ, "ಒಮ್ಮೆ ಹಚ್ಚಿ ನೋಡ್ರಿ" ಅಂದರು. ಒಳಗೆ ಯಾರೋ ಗುಂಡಿ ಒತ್ತಿದರು. ಸೈರನ್ ಕೂಗಲಿಲ್ಲ. ಇಬ್ಬರಿಗೂ ಸಮಾಧಾನವಾಯಿತು. ಕೆಟ್ಟಿದೆ ಎಂದು ಇಬ್ಬರೂ ಬರೆದುಕೊಂಡರು, ಇನ್ನೊಬ್ಬರದು ಎಂದೂ ಇಬ್ಬರೂ ಬರೆದುಕೊಂಡರು.

ಆಮೇಲೆ ಕರೆಂಟಿನವರು ಇವಳ ಕಡೆ ತಿರುಗಿ, "ಕೈ ಈಗ ಹ್ಯಾಂಗೈತಮ್ಮ? ಏನರ ಹಿಡಿಯಾಕ್ ಬರ್ತೈತೇನು?" ಎಂದು ಕೇಳಿದರು. ಕಾಳಜಿಯಿಂದ ಅಲ್ಲ. ಹಿಡಿಯಲು ಬರುತ್ತದೆ ಅಂದರೆ ಪರಿಹಾರ ಕಡಿಮೆಯಾಗುತ್ತದೆ.

ಅವಳು ನನ್ನ ಕಡೆ ತಿರುಗಿ, "ನಡ್ರಿ ವಕೀಲಮ್ಮ. ಇವ್ರ ಮುಂದ ನಿಂದ್ರಾಕ ಒಲ್ಲೆ ನಾ" ಅಂದಳು. ದಾರಿಯುದ್ದಕ್ಕೂ ನನ್ನನ್ನೇ ಬೈದಳು. ನಾನು ಅಲ್ಲಿ ಬಾಯಿ ಬಿಡಲಿಲ್ಲವಂತೆ, ನನ್ನಂಥ ವಕೀಲರನ್ನು ಹಿಡಿದದ್ದು ಅವಳ ಹಣೆಬರಹವಂತೆ. ನಾನೂ ಬೈಸಿಕೊಂಡೆ. ಅವಳ ಬೈಗುಳ ಆ ಕೋಣೆಯ ನಗುವಿಗಿಂತ ಎಷ್ಟೋ ಸ್ವಚ್ಛವಾಗಿತ್ತು.

ದಾವೆ ಹಾಕಿದೆ. ಇಬ್ಬರ ಜವಾಬುಗಳೂ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಯ ಹಾಗೆ ಬಂದವು. ಇನ್ನೊಬ್ಬರ ಲೋಪಕ್ಕೆ ನಾವು ಹೊಣೆಯಲ್ಲ. ಜೊತೆಗೆ, ಹೆಂಗಸು ಅಕ್ರಮವಾಗಿ ಕಾಲುವೆಗೆ ಇಳಿದಿದ್ದಳು. ನಾನು ಹಿಡಿದದ್ದು ಒಂದೇ ಎಳೆ. ನಿಯಮ ಇನ್ನೊಬ್ಬರ ತಪ್ಪಿನಿಂದ ಕಾಪಾಡುತ್ತದೆ, ತನ್ನ ತಪ್ಪಿನಿಂದಲ್ಲ. ಒಪ್ಪಿಗೆ ಕೊಡದೆ ಕೂತದ್ದು ನೀರಿನವರ ಸ್ವಂತ ತಪ್ಪು. ಸೈರನ್ ಇಲ್ಲ ಎಂದು ಗೊತ್ತಿದ್ದೂ ಯಂತ್ರ ಬಿಟ್ಟದ್ದು ಕರೆಂಟಿನವರ ಸ್ವಂತ ತಪ್ಪು. ನ್ಯಾಯಾಧೀಶರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಮುಂದಿನ ತಾರೀಕಿಗೇ ಎದುರಿನ ವಕೀಲರಿಬ್ಬರೂ ರಾಜಿಗೆ ಬಂದರು. ತಪ್ಪು ಒಪ್ಪಿಕೊಳ್ಳುವುದಿಲ್ಲ, ಮಾನವೀಯ ದೃಷ್ಟಿಯಿಂದ ಇಬ್ಬರೂ ಪರಿಹಾರ ಕೊಡುತ್ತೇವೆ ಅಂದರು. ರಾಜಿ ಬೇಡ, ದಾವೆ ನಡೆಸೋಣ ಎಂದು ನಾನು ಅವಳಿಗೆ ಹೇಳಿದೆ.

"ನನ್ನ ಕೈ ಸೆಟದೈತಿ, ಹೋಂಸ್ಟೇದವ್ರು ಒಗಿಯೋ ಮಶಿನ್ ತಂದಾರ. ಇನ್ನೆಷ್ಟ ವರ್ಷ ನಡಸ್ತೀರಿ? ತಗೊಳ್ರಿ" ಅಂದಳು. ತೆಗೆದುಕೊಂಡೆವು. ಆ ದುಡ್ಡಿನಲ್ಲಿ ಆಕೆ ಕಂಪ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ನೆಗೆಣ್ಣಿಯ ಜೊತೆ ಮಂಡಕ್ಕಿ ಮಿರ್ಚಿ ಬಂಡಿ ಹಾಕಿದಳು. ಈಗ ಎಡಗೈಯಲ್ಲೇ ಎಣ್ಣೆಗೆ ಮಿರ್ಚಿ ಬಿಡುತ್ತಾಳೆ.

ಸೈರನ್ ರಿಪೇರಿ ಆಗಲಿಲ್ಲ. ಅದರ ಬದಲು ಕಾಲುವೆಯ ದಂಡೆಗೆ ತಂತಿಬೇಲಿ ಬಂತು. ಇಳಿಯುವುದು ಅಪರಾಧ ಎಂಬ ಫಲಕವೂ ಬಂತು, ಮೇಲೆ ಇಬ್ಬರ ಲಾಂಛನಗಳೂ ಅಕ್ಕಪಕ್ಕದಲ್ಲಿ. ಬೇಲಿಗೆ ಮಾತ್ರ ಒಪ್ಪಿಗೆ ಎರಡೂ ಕಡೆಯಿಂದ ತಡವಿಲ್ಲದೆ ಸಿಕ್ಕಿತ್ತು. ಉಳಿದ ಹೆಂಗಸರು ಈಗ ಇನ್ನೂ ಕೆಳಗೆ, ಕಬ್ಬಿನ ಗದ್ದೆ ದಾಟಿ ಹೋಗಿ ಒಗೆಯುತ್ತಾರೆ.

ಹೋದ ಬೇಸಿಗೆಯಲ್ಲಿ ಕರೆಂಟಿನವರ ಇಂಜಿನಿಯರು ಫೋನು ಮಾಡಿದರು. ಸೊಂಡೂರಿನ ಕಡೆ, ಯಶವಂತನಗರದ ಹಾದಿಯಲ್ಲಿ, ಇನ್ನೊಂದು ಸರ್ಕಾರಿ ಸಂಸ್ಥೆಯ ಜೊತೆ ಸೇರಿ ಸೋಲಾರ್ ಸ್ಥಾವರ ಮಾಡುವವರಿದ್ದರಂತೆ. ಕರಾರು ಬರೆಯಬೇಕಿತ್ತಂತೆ.

"ಆ ಹೊಣಿ ಕಲಮು ನಿಮ್ಮಷ್ಟು ಯಾರೂ ತಿಳ್ಕೊಂಡಿಲ್ಲ ಮೇಡಂ. ನೀವು ಹೊಕ್ಕು ಬಂದ ಸಂದಿ ಐತಲ್ಲ, ಅದನ್ನ ಮುಚ್ಚಿ ಚಂದಗೆ ಬರದ್ ಕೊಡ್ರಿ. ನಿಮ್ಮ ಫೀಜು ನೀವೇ ಹೇಳ್ರಿ."

ಅವರ ದನಿಯಲ್ಲಿ ಸ್ವಲ್ಪವೂ ಕುಹಕವಿರಲಿಲ್ಲ. ಇದು ನನಗೆ ಕೊಡುವ ಗೌರವ ಎಂದೇ ಅವರು ತಿಳಿದಿದ್ದರು.

"ನನ್ನ ಕೈಲಿ ಆಗಲ್ರಿ" ಅಂದೆ.

"ಯಾಕ್ ಮೇಡಂ, ಕೆಲಸ ಭಾಳ ಐತೇನು?"

"ಹೇಸಿಗಿ ಆಗ್ತೈತಿ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಲೈನು ಸರಿಯಿಲ್ಲವೆಂದುಕೊಂಡು ಎರಡು ಸಲ ಹಲೋ ಹಲೋ ಅಂದರು. ಕರಾರನ್ನು ನಮ್ಮ ಬಾರ್‌ನಲ್ಲೇ ಬೇರೆ ಯಾರೋ ವಕೀಲರು ಬರೆದುಕೊಟ್ಟರು. ನಾನು ಕೇಳಲಿಲ್ಲ, ಅವರೇ ತಂದು ತೋರಿಸಿದರು. ಸಂದಿ ಚೆನ್ನಾಗಿಯೇ ಮುಚ್ಚಿತ್ತು.