ಕೆಂಪು ಚುಕ್ಕೆ ದಾಟಿಸಿದ ಕೈ

ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಬೆಸುಗೆ ಹಾಕಿದ. ರಾಳ ಸುಟ್ಟ ಹೊಗೆ ಮೂಗಿಗೆ ಬಡಿಯಿತು. ಅಷ್ಟೇ... ಕೊಟ್ಟೂರು ರಸ್ತೆಯ ತಗಡಿನ ಶೆಡ್ಡು, ಅದರೊಳಗೆ ಕುಕ್ಕರುಗಾಲಲ್ಲಿ ಕೂತ ನಮ್ಮ ಮಿಸ್ತ್ರಿ ಕಣ್ಣ ಮುಂದೆ ಬಂದರು.

ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ನನ್ನದೇ ಒಂದು ಪೆಟ್ರೋಲ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಹೊಸ ತರಹದ ಇಂಜಿನ್. ಹೊಗೆ ಕೊಳವೆಯಲ್ಲಿ ಒಂದು ಸೆನ್ಸರ್. ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅದು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಊರಿನ ಉಳಿದ ಮೆಕ್ಯಾನಿಕ್‌ಗಳು ಆ ವೈರ್ ಮುಟ್ಟಲು ಹೆದರುತ್ತಿದ್ದರು. ಮಿಸ್ತ್ರಿಯೊಬ್ಬರೇ ರೇಡಿಯೋ ರಿಪೇರಿಯಿಂದ ಈ ಕಸುಬಿಗೆ ಬಂದವರು.

“ಮಿಸ್ತ್ರಿ, ಲೀಟರಿಗೆ ಎರಡು ಕಿಲೋಮೀಟರಾದ್ರೂ ಜಾಸ್ತಿ ಕೊಡಿಸ್ರಿ” ಎಂದು ತಿಂಗಳುಗಟ್ಟಲೆ ಬೆನ್ನು ಬಿದ್ದೆ.

“ಸೆನ್ಸರ್ ಬಾಯಾಗ ಸುಳ್ಳು ಹೇಳಿಸಬೇಕಾಗ್ತೈತ್ರಿ. ಬ್ಯಾಡ” ಅಂದರು.

“ನಾ ದಿನಾ ಹೇಳ್ತೀನಿ, ನನಗೇನಾಗೈತಿ?” ಅಂದೆ. ನಕ್ಕರು. ಆ ನಗುವಿನಲ್ಲೇ ಒಪ್ಪಿಬಿಟ್ಟರು.

ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ಕಿತ್ತು, ಸೆನ್ಸರ್ ವೈರಿಗೆ ಬೆಸೆದು, ಬಾನೆಟ್ ಒಳಗೆ ಕೂರಿಸಿದರು. ತಿರುವಿದಷ್ಟೂ ಪೆಟ್ರೋಲ್ ಹೆಚ್ಚಾಯಿತೆಂದು ನಂಬಿ ಕಂಪ್ಯೂಟರ್ ಕಡಿಮೆ ಬಿಡುತ್ತಿತ್ತು. ಒಂದು ವಾರ ತಾವೇ ಓಡಿಸಿ, ಇಂಜಿನ್ನಿನ ಶಾಖ ನೋಡಿ, ಗುಂಡಿಯ ಪಕ್ಕ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟರು. “ಇದನ್ನ ದಾಟಿಸಬ್ಯಾಡ್ರಿ. ದಾಟಿದ್ರ ವಾಲ್ವ್ ಸುಡ್ತಾವ.”

ವರ್ಷಗಟ್ಟಲೆ ದಾಟಿಸಲಿಲ್ಲ. ದಾಟಿಸಿದ್ದು ಗಾಡಿ ಮಾರುವಾಗ.

ತೆಲಿಗಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಕೊಳ್ಳಲು ಬಂದರು. ಮೈಲೇಜ್ ಕಣ್ಣಾರೆ ನೋಡಬೇಕೆಂದರು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ: ಟ್ಯಾಂಕ್ ಕಂಠಮಟ್ಟ ತುಂಬಿಸಿ, ಗಾಡಿ ಅಲುಗಾಡಿಸಿ, ಮತ್ತೆ ತುಂಬಿಸಿ, ಹಡಗಲಿಗೆ ಹೋಗಿ ಬಂದು, ಮತ್ತೆ ತುಂಬಲು ಎಷ್ಟು ಪೆಟ್ರೋಲ್ ಹಿಡಿಯಿತೆಂದು ನೋಡುವುದು. ಹೊರಡುವ ಮೊದಲು ಯಾರೂ ಇಲ್ಲದಾಗ ಗುಂಡಿಯನ್ನು ಚುಕ್ಕೆ ದಾಟಿಸಿ ತಿರುವಿದೆ. ಅವರು ಬೆರಗಾದರು. ನಾನು ಹೇಳಿದ ರೇಟಿಗೇ ಗಾಡಿ ಹೋಯಿತು. ಗುಂಡಿಯನ್ನು ಹಿಂದಕ್ಕೆ ತಿರುವಲಿಲ್ಲ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ...

ಎರಡೇ ತಿಂಗಳಿಗೆ ಗಾಡಿ ಕೆಮ್ಮುತ್ತ ಮಿಸ್ತ್ರಿಯ ಶೆಡ್ಡಿಗೆ ಬಂತು. ವ್ಯಾಪಾರಿ ನನ್ನನ್ನೂ ಕರೆಸಿದರು. ವಾಲ್ವ್ ಸುಟ್ಟಿದ್ದವು. ಬಾಡಿಗೆ ಗಾಡಿಯವರೆಲ್ಲ ಸುತ್ತ ನಿಂತಿದ್ದರು.

“ಇಂಜಿನ್ನಿಗೆ ರೇಡಿಯೋ ಹಚ್ಚಿದ ಶಾಣ್ಯಾ ಯಾರ‍್ರಿ?” ಎಂದು ವ್ಯಾಪಾರಿ ಕೂಗಾಡಿದರು.

ಮಿಸ್ತ್ರಿ ಗುಂಡಿಯನ್ನು ನೋಡಿದರು, ಚುಕ್ಕೆಯನ್ನು ನೋಡಿದರು, ಆಮೇಲೆ ನನ್ನನ್ನು.

“ಮಿಸ್ತ್ರಿನ್ನ ಕೇಳ್ರಿ. ನನಗೇನು ಗೊತ್ತೈತಿ ಇದೆಲ್ಲಾ” ಎಂದುಬಿಟ್ಟೆ.

“ಹಚ್ಚಿದ್ದು ನಾನೇರಿ” ಅಂದರು ಮಿಸ್ತ್ರಿ.

ಕೈಯಿಂದ ಖರ್ಚು ಹಾಕಿ ರಿಪೇರಿ ಮಾಡಿಕೊಟ್ಟರು. ಆದರೂ ‘ಗಾಡಿ ಸುಡೋ ಮಿಸ್ತ್ರಿ’ ಎಂಬ ಹೆಸರು ಅಂಟಿಕೊಂಡಿತು. ಮೊದಲು ಚಿಗಟೇರಿ ಕಡೆಯ ಗಾಡಿಗಳು ಬರುವುದು ನಿಂತಿತು, ಆಮೇಲೆ ಊರಿನವು. ವರ್ಷದೊಳಗೆ ಶೆಡ್ಡು ಮುಚ್ಚಿ, ದಾವಣಗೆರೆಯಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದರು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ.

ಈಗ ಹಳೇ ಕಾರುಗಳ ವ್ಯವಹಾರ ಮಾಡುತ್ತೇನೆ. ಕೊಳ್ಳುವವರಿಗೆಲ್ಲ ಬುದ್ಧಿ ಹೇಳುತ್ತೇನೆ: ಮೈಲೇಜ್ ಮಾತು ಆಮೇಲೆ, ಮೊದಲು ಬಾನೆಟ್ ಎತ್ತಿ ಕಂಪನಿಯದಲ್ಲದ ವೈರ್ ಇದೆಯೇ ನೋಡಿ. ಯಾರಿಂದ ಕಲಿತಿರಿ ಎಂದು ಕೇಳಿದರೆ ಮಾತು ಬದಲಿಸುತ್ತೇನೆ.

ಮೊನ್ನೆ ಆ ಮೊಬೈಲ್ ಅಂಗಡಿಯವನ ಹತ್ತಿರ ಮಿಸ್ತ್ರಿಯ ಮಾತು ತೆಗೆದೆ. “ಅವ್ರು ತೀರಿಕೊಂಡು ಎರಡು ವರ್ಷ ಆತಲ್ರಿ” ಅಂದ.

ಇದ್ದದ್ದನ್ನು ಹೇಳಿಯೇಬಿಡಬೇಕೆಂದು ಮರುದಿನ ತೆಲಿಗಿಗೆ ಹೋದೆ. ವ್ಯಾಪಾರಿಗೆ ಈಗ ವಯಸ್ಸಾಗಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು: “ಆ ಮಿಸ್ತ್ರಿ ಹೋದ್ನಂತಲ್ರಿ. ಕೈ ಚಲೋ ಇತ್ತು, ನಿಯತ್ತಿರಲಿಲ್ಲ. ನೀವು ಪಾಪ, ಏನೂ ಗೊತ್ತಿಲ್ದ ಮಾರಿದ್ರಿ.”

ಅವರ ಸೊಸೆ ಟೀ ತಂದಿಟ್ಟಳು. ಕುಡಿದೆ. ಚೆನ್ನಾಗಿದೆ ಎಂದೆ. ಎದ್ದು ಬಂದೆ.